ಪ್ರಯೋಗಶಾಲೆಯ ಕಿಟಕಿಯಿಂದ: ಬಿಡಾರ ಹೂಡುವ ಕಲಾವಿದ



ಕತಾರಿನಲ್ಲಿರುವ ನಮಗೆಲ್ಲ ‘ರೆಸಿಡೆನ್ಸ್’ ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ಕೈ ತಾನಾಗಿ ಕಿಸೆಯ ಕಡೆ ಹೋಗುತ್ತದೆ. ಕಾರ್ಡಿನ ಅವಧಿ ಎಂದು ಮುಗಿಯುತ್ತದೆ, ನವೀಕರಣಕ್ಕೆ ಯಾವ ಯಾವ ಕಾಗದ ಬೇಕು, ಮಕ್ಕಳದು ಯಾವಾಗ ಎಂಬ ಲೆಕ್ಕದಲ್ಲಿಯೇ ಆ ಪದದ ಅರ್ಥ ಮುಗಿದುಹೋಗುತ್ತದೆ. ಆದರೆ ಅದೇ ಪದಕ್ಕೆ ಇನ್ನೆರಡು ಅರ್ಥಗಳಿವೆ. ಒಂದು ನಮ್ಮ ರಸಾಯನಶಾಸ್ತ್ರದ್ದು, ಇನ್ನೊಂದು ಕಲಾವಿದರದ್ದು. ಈ ಸಲದ ಅಂಕಣದಲ್ಲಿ ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣವೆಂದಿದ್ದೇನೆ. ಸಂಘದ ಮುಂದಿನ ವರ್ಷದ ಕಾರ್ಯಕ್ರಮಗಳನ್ನು ಗೊತ್ತುಮಾಡುವ ಹೊತ್ತು ಹತ್ತಿರ ಬರುತ್ತಿದೆ. ಆದ್ದರಿಂದ ಇದರಲ್ಲಿ ನಮ್ಮ ಹಣದ ಮಾತೂ ಇದೆ, ನಮ್ಮ ಮಕ್ಕಳ ಮಾತೂ ಇದೆ.

ಮೊದಲು ಕಲಾವಿದರ ಅರ್ಥ. ಒಬ್ಬ ಚಿತ್ರಕಾರನನ್ನೋ, ಒಬ್ಬ ಲೇಖಕಿಯನ್ನೋ, ಒಬ್ಬ ವಾದ್ಯಗಾರನನ್ನೋ ಒಂದು ಸಂಸ್ಥೆ ತನ್ನ ಊರಿಗೆ ಕರೆಸಿಕೊಳ್ಳುತ್ತದೆ. ಇರಲು ಕೋಣೆ, ಕೆಲಸ ಮಾಡಲು ಜಾಗ, ಖರ್ಚಿಗೆ ಒಂದಿಷ್ಟು ಹಣ ಕೊಡುತ್ತದೆ. ಒಂದು ತಿಂಗಳೋ, ಮೂರು ತಿಂಗಳೋ, ಒಂದು ವರ್ಷವೋ ಅಲ್ಲಿಯೇ ಇರಗೊಡುತ್ತದೆ. ‘ಇಂಥದ್ದೇ ಮಾಡಿಕೊಡು, ಇಂಥ ದಿನವೇ ಕೊಡು’ ಎಂದು ಪೀಡಿಸುವುದಿಲ್ಲ. ಇದಕ್ಕೆ ಆರ್ಟಿಸ್ಟ್ ರೆಸಿಡೆನ್ಸಿ ಎಂದು ಹೆಸರು. ನಮ್ಮ ಕಡೆ ಇದಕ್ಕೆ ಹೊಂದುವ ಹಳೆಯ ಮಾತೇ ಇದೆ: ಬಿಡಾರ ಹೂಡುವುದು. ಯಕ್ಷಗಾನ ಮೇಳದವರು ಊರಿಗೆ ಬಂದರೆ ತಂಗುವ ಜಾಗಕ್ಕೆ ಬಿಡಾರ ಎನ್ನುತ್ತಾರೆ. ಸದಾ ಸಂಚಾರದಲ್ಲಿರುವ ಸನ್ಯಾಸಿಗಳು ಮಳೆಗಾಲದಲ್ಲಿ ಒಂದೇ ಊರಿನಲ್ಲಿ ನಿಂತು ಚಾತುರ್ಮಾಸ್ಯ ಹಿಡಿಯುವುದೂ ಈ ಬಗೆಯದೇ. ಅತಿಥಿ ಒಂದು ಕಡೆ ನೆಲೆ ನಿಂತರೆ ಊರಿಗೂ ಲಾಭ, ಅತಿಥಿಗೂ ಲಾಭ ಎಂಬುದು ನಮಗೆ ಹೊಸ ವಿಚಾರವೇನಲ್ಲ.

ಇನ್ನು ರಸಾಯನಶಾಸ್ತ್ರದ ಅರ್ಥ. ಮೆಸಯೀದಿನಲ್ಲಿ, ರಾಸ್ ಲಫಾನಿನಲ್ಲಿ ದುಡಿಯುವ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. 100 ಲೀಟರ್ ಹಿಡಿಯುವ ತುಂಬಿದ ಪಾತ್ರೆಯೊಂದಕ್ಕೆ ಒಂದು ಕಡೆಯಿಂದ ನಿಮಿಷಕ್ಕೆ 20 ಲೀಟರಿನಂತೆ ದ್ರವ ಬರುತ್ತಿದೆ, ಇನ್ನೊಂದು ಕಡೆಯಿಂದ ಅಷ್ಟೇ ಹೊರಗೆ ಹೋಗುತ್ತಿದೆ ಎನ್ನಿ. ಒಳಗೆ ಬಂದ ದ್ರವ ಸರಾಸರಿ 5 ನಿಮಿಷ ಪಾತ್ರೆಯಲ್ಲಿರುತ್ತದೆ. ಇದಕ್ಕೆ ರೆಸಿಡೆನ್ಸ್ ಟೈಮ್, ಅಂದರೆ ವಾಸದ ಅವಧಿ ಎನ್ನುತ್ತೇವೆ. ಒಳಗೆ ನಡೆಯಬೇಕಾದ ಕ್ರಿಯೆಗೆ ಒಂದು ಗಂಟೆ ಬೇಕಾಗಿದ್ದರೆ ಏನಾಯಿತು? ದ್ರವದ ಬಹುಪಾಲು ಬಂದ ಹಾಗೆಯೇ ಹೊರಗೆ ಹೋಯಿತು. ಪಾತ್ರೆ ಕೆಟ್ಟದ್ದಲ್ಲ, ದ್ರವವೂ ಕೆಟ್ಟದ್ದಲ್ಲ, ಸಮಯ ಸಾಲಲಿಲ್ಲ ಅಷ್ಟೆ. ಇದಕ್ಕೆ ಮದ್ದು ಎರಡು. ಪಾತ್ರೆಯನ್ನು ದೊಡ್ಡದು ಮಾಡಬೇಕು, ಇಲ್ಲವೇ ಹರಿವನ್ನು ನಿಧಾನ ಮಾಡಬೇಕು.

ನಮ್ಮ ಸಂಘಗಳ ಕಾರ್ಯಕ್ರಮಗಳನ್ನು ಈ ಲೆಕ್ಕದಲ್ಲಿ ನೋಡಿ. ರಾಜ್ಯೋತ್ಸವಕ್ಕೆ ಊರಿನಿಂದ ಕಲಾವಿದರು ಬರುತ್ತಾರೆ. ಗುರುವಾರ ಬೆಳಗ್ಗೆ ವಿಮಾನ ಇಳಿಯುತ್ತಾರೆ. ಮಧ್ಯಾಹ್ನ ಮಲಗಿ ಎದ್ದು, ಸಂಜೆ ಮೈಕು ಸರಿಮಾಡಿಕೊಳ್ಳುತ್ತಾರೆ. ಶುಕ್ರವಾರ ಎರಡು ಗಂಟೆಯ ಪ್ರದರ್ಶನ, ಬಳಿಕ ಶಾಲು, ಪೇಟ, ಹಾರ, ಫಲಕ, ಗುಂಪುಚಿತ್ರ. ಶನಿವಾರ ಸೂಕ್ ವಾಕಿಫ್ ತೋರಿಸಿ, ಕಾರ್ನಿಷಿನಲ್ಲಿ ಒಂದು ಸುತ್ತು ಹಾಕಿಸಿ, ರಾತ್ರಿಯ ವಿಮಾನ ಹತ್ತಿಸುತ್ತೇವೆ. ಇದರಲ್ಲಿ ಪ್ರೀತಿಗೆ ಕೊರತೆಯಿಲ್ಲ, ಕಾರ್ಯಕರ್ತರ ದುಡಿಮೆಗೂ ಕೊರತೆಯಿಲ್ಲ. ಆದರೆ ಬಂದವರು ಬಂದ ಹಾಗೆಯೇ ಹೋದರು, ನಾವೂ ಇದ್ದ ಹಾಗೆಯೇ ಉಳಿದೆವು. ಮಕ್ಕಳು ಯಕ್ಷಗಾನವೆಂದರೆ ಬಣ್ಣಬಣ್ಣದ ವೇಷದವರು ವರ್ಷಕ್ಕೊಮ್ಮೆ ಬಂದು ಕುಣಿದು ಹೋಗುವುದು ಎಂದುಕೊಂಡರು. ಸಾಂಸ್ಕೃತಿಕ ವಿನಿಮಯ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವಲ್ಲ, ಅದರಲ್ಲಿ ವಿನಿಮಯ ಆದದ್ದು ಏನು?

ಹೆಚ್ಚು ದಿನ ಉಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕನ್ನಡದಲ್ಲಿಯೇ ದೊಡ್ಡ ಉದಾಹರಣೆಯಿದೆ. ಗಿರೀಶ ಕಾರ್ನಾಡರು 1987-88ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕೆಯ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ನಿವಾಸಿ ನಾಟಕಕಾರರಾಗಿದ್ದರು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ. ಕೆ. ರಾಮಾನುಜನ್ 1960ರ ದಶಕದ ಆರಂಭದಿಂದಲೂ ಅಲ್ಲಿ ಪಾಠ ಹೇಳುತ್ತಿದ್ದರು. ಹಿಂದೆ ಅವರ ಬಾಯಿಂದ ಕೇಳಿದ್ದ ಎರಡು ಜನಪದ ಕಥೆಗಳನ್ನು ಹೆಣೆದು ಕಾರ್ನಾಡರು ‘ನಾಗಮಂಡಲ’ ಬರೆದರು. ನಾಟಕದ ಮೊದಲ ಪ್ರಯೋಗ ನಡೆದದ್ದು ಧಾರವಾಡದಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ. ಅದೇ ಶಿಕಾಗೋ ವಿಶ್ವವಿದ್ಯಾನಿಲಯದ ರಂಗಮಂದಿರದಲ್ಲಿ, ಇಂಗ್ಲಿಷಿನಲ್ಲಿ ನಡೆಯಿತು. 1993ರಲ್ಲಿ ಮಿನಿಯಾಪೊಲಿಸ್ ನಗರದ ಹೆಸರಾಂತ ಗುತ್ರಿ ರಂಗಮಂದಿರ ಅದನ್ನು ಆಡಿತು. ಆಮೇಲೆ ಅವರೇ ಕೇಳಿ ಬರೆಸಿದ ನಾಟಕ ‘ಅಗ್ನಿ ಮತ್ತು ಮಳೆ’. ಇತ್ತ ನಾಗಮಂಡಲ ಕನ್ನಡ ರಂಗಭೂಮಿಯಲ್ಲಿ ನೆಲೆಯೂರಿ, 1997ರಲ್ಲಿ ನಾಗಾಭರಣರ ಕೈಯಲ್ಲಿ ಚಲನಚಿತ್ರವೂ ಆಯಿತು.

ಇಲ್ಲಿ ಯಾರು ಯಾರಿಗೆ ಏನು ಕೊಟ್ಟರು ನೋಡಿ. ನಮ್ಮ ಅಜ್ಜಿಯರು ರಾತ್ರಿ ದೀಪದ ಬೆಳಕಿನಲ್ಲಿ ಹೇಳುತ್ತಿದ್ದಂಥ ಕಥೆ ಶಿಕಾಗೋದ ವಿದ್ಯಾರ್ಥಿಗಳಿಗೆ ಸಿಕ್ಕಿತು. ನಾಟಕಕಾರರಿಗೆ ಬಿಡುವು ಸಿಕ್ಕಿತು, ಜೊತೆಗೆ ಬರೆದದ್ದನ್ನು ಕೂಡಲೆ ಆಡಿ ನೋಡುವ ನಟರು ಸಿಕ್ಕರು. ಕನ್ನಡಕ್ಕೆ ಒಂದು ನಾಟಕ ಸಿಕ್ಕಿತು. ಕಾರ್ನಾಡರನ್ನು ಒಂದು ಸಂಜೆಯ ಭಾಷಣಕ್ಕೆ ಕರೆಸಿ ಫಲಕ ಕೊಟ್ಟು ಕಳಿಸಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಎದುರು ದಿಕ್ಕಿನಲ್ಲೂ ಹೀಗೆ ನಡೆದದ್ದುಂಟು. ಮಾರ್ಥಾ ಆ್ಯಶ್ಟನ್ ಎಂಬ ಅಮೆರಿಕದ ಹೆಣ್ಣುಮಗಳು ಯಕ್ಷಗಾನದ ಅಧ್ಯಯನಕ್ಕೆಂದು ಉಡುಪಿಯ ಕಡೆ ಬಂದು ನಿಂತರು. ಮದ್ದಲೆಯ ಹಿರಿಯಡಕ ಗೋಪಾಲರಾಯರಂಥ ಗುರುಗಳ ಬಳಿ ಕಲಿತು, ತಾವೇ ಗೆಜ್ಜೆ ಕಟ್ಟಿ ಬಡಗುತಿಟ್ಟಿನ ವೇಷ ಹಾಕಿದರು. ಬ್ರೂಸ್ ಕ್ರಿಸ್ಟಿಯವರೊಡನೆ ಅವರು ಬರೆದ ಇಂಗ್ಲಿಷ್ ಗ್ರಂಥ 1977ರಲ್ಲಿ ಹೊರಬಂದು, ಯಕ್ಷಗಾನದ ಹೆಜ್ಜೆ, ತಾಳ, ವೇಷಭೂಷಣಗಳನ್ನು ಹೊರಗಿನವರಿಗೆ ಪರಿಚಯಿಸಿತು. ಉಡುಪಿಯವರು ಆಕೆಗೆ ಆಟ ತೋರಿಸಿ ಕಳಿಸಲಿಲ್ಲ, ಕೂರಿಸಿಕೊಂಡು ಕಲಿಸಿದರು. ಆ ಪುಸ್ತಕ ಹುಟ್ಟಿದ್ದು ಅಲ್ಲಿ.

ಹಾಗಾದರೆ ಹೆಚ್ಚು ದಿನ ಇಟ್ಟುಕೊಂಡರೆ ಸಾಕೆ? ಸಾಲದು. ಪಾತ್ರೆಗಳಲ್ಲಿ ನಾವು ಎರಡು ದೋಷಗಳನ್ನು ಕಾಣುತ್ತೇವೆ. ಒಳಬಂದ ದ್ರವ ಅಡ್ಡದಾರಿ ಹಿಡಿದು ನೆಟ್ಟಗೆ ಹೊರಗೆ ಹೋಗುವುದು ಒಂದು. ಮೂಲೆಯಲ್ಲಿ ಸಿಕ್ಕಿಕೊಂಡು ಯಾವುದರೊಡನೆಯೂ ಬೆರೆಯದೆ ನಿಂತೇ ಇರುವುದು ಇನ್ನೊಂದು. ವಿಮಾನ ನಿಲ್ದಾಣದಿಂದ ವೇದಿಕೆಗೆ, ವೇದಿಕೆಯಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಅತಿಥಿ ಮೊದಲನೆಯ ಜಾತಿ. ಮೂರು ತಿಂಗಳು ಇದ್ದು, ಒಳ್ಳೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ತನ್ನ ಭಾಷೆಯವರನ್ನೇ ಕಂಡು ಹೋಗುವ ಅತಿಥಿ ಎರಡನೆಯ ಜಾತಿ. ಇಬ್ಬರಿಂದಲೂ ವಿನಿಮಯ ಆಗುವುದಿಲ್ಲ. ಕಲಕುವ ಕೈ ಬೇಕು. ಆ ಕೈ ಆತಿಥೇಯರದು.

ಬೆಂಗಳೂರಿನವರು ಇದನ್ನು ಚೆನ್ನಾಗಿ ಅರಿತಂತೆ ಕಾಣುತ್ತದೆ. ಅಲ್ಲಿನ ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಗಯಟೆ ಇನ್‌ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಜರ್ಮನಿಯ ಕಲಾವಿದರನ್ನು ಕರೆಸುವಾಗ ತನ್ನ ಕಟ್ಟಡದೊಳಗೇ ಇಟ್ಟುಕೊಳ್ಳದೆ ನಗರದ ಬೇರೆ ಬೇರೆ ಸಂಸ್ಥೆಗಳಿಗೆ ಒಪ್ಪಿಸುತ್ತದೆ. ಅತಿಥಿ ಊರಿನವರ ನಡುವೆಯೇ ದಿನ ಕಳೆಯಬೇಕು. ಶಾಂತಿನಗರದಲ್ಲಿ ಸುರೇಶ್ ಜಯರಾಮ್ ಅವರು 2003ರಲ್ಲಿ ಆರಂಭಿಸಿದ ‘ಒನ್ ಶಾಂತಿರೋಡ್’ ಎಂಬ ಕಲಾಕೇಂದ್ರ ದೇಶವಿದೇಶದ ಕಲಾವಿದರಿಗೆ ಬಿಡಾರವಾಗಿದೆ. ಅದು ಸರ್ಕಾರಿ ಅಕಾಡೆಮಿಯಲ್ಲ, ಮನೆಯಂಥ ಜಾಗ. ಬಂದವರು ಅಡುಗೆಮನೆಯ ಮಾತಿನಲ್ಲಿಯೇ ಊರನ್ನು ಅರ್ಧ ಕಲಿಯುತ್ತಾರೆ. ಕಲಾವಿದರನ್ನು ಸಾಕಲು ಅರಮನೆಯೇ ಬೇಕೆಂದೇನೂ ಇಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ನಮ್ಮ ದೋಹಾದ ಸಂಗತಿಯೇನು? ಅಲ್ ಬಿದ್ದಾ ಉದ್ಯಾನದ ಬಳಿ ‘ಫೈರ್ ಸ್ಟೇಷನ್’ ಎಂಬ ಕಟ್ಟಡವಿದೆ. ಹೆಸರೇ ಹೇಳುವಂತೆ 1982ರಲ್ಲಿ ಬೆಂಕಿ ಆರಿಸುವ ದಳಕ್ಕಾಗಿ ಕಟ್ಟಿದ್ದು. ದಳ ಅಲ್ಲಿಂದ ಹೋದ ಮೇಲೆ ವಾಸ್ತುಶಿಲ್ಪಿ ಇಬ್ರಾಹಿಂ ಜೈದಾ ಅವರ ಕೈಯಲ್ಲಿ ಅದು ರೂಪ ಬದಲಿಸಿ, ಕತಾರ್ ಮ್ಯೂಸಿಯಮ್ಸ್‌ನ ಆಶ್ರಯದಲ್ಲಿ ಕಲಾವಿದರ ಬಿಡಾರವಾಯಿತು. 2015ರಲ್ಲಿ ಮೊದಲ ತಂಡ ಒಳಗೆ ಹೋಯಿತು. ಒಂಬತ್ತು ತಿಂಗಳ ಅವಧಿ, ಒಬ್ಬೊಬ್ಬರಿಗೆ ಒಂದೊಂದು ಸ್ಟುಡಿಯೋ, ಕೊನೆಗೊಂದು ಪ್ರದರ್ಶನ. ಬೆಂಕಿ ಆರಿಸುವ ಲಾರಿಗಳು ನಿಲ್ಲುತ್ತಿದ್ದ ಗ್ಯಾರೇಜಿನಲ್ಲಿ ಈಗ ಚಿತ್ರ ನೋಡಬಹುದು. ನಮಗೆ ಮುಖ್ಯವಾದ ಮಾತೊಂದಿದೆ. ಈ ಯೋಜನೆ ಕತಾರಿ ಪ್ರಜೆಗಳಿಗೆ ಮಾತ್ರವಲ್ಲ, ಇಲ್ಲಿ ನೆಲೆಸಿರುವ ಬೇರೆ ದೇಶದವರಿಗೂ ಬಾಗಿಲು ತೆರೆದೇ ಶುರುವಾಯಿತು. ಇಲ್ಲಿನ ಕಲಾವಿದರನ್ನು ಪ್ಯಾರಿಸ್ಸಿಗೂ ನ್ಯೂಯಾರ್ಕಿಗೂ ಕಳಿಸುವ ಏರ್ಪಾಡನ್ನೂ ಅವರು ಮಾಡಿದ್ದಾರೆ. ಮನೆಯಲ್ಲಿ ಕುಂಚ ಹಿಡಿಯುವ ಮಕ್ಕಳಿದ್ದರೆ ಒಂದು ಶನಿವಾರ ಅಲ್ಲಿಗೆ ಕರೆದುಕೊಂಡು ಹೋಗಿ. ಮಾಲ್‌ಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ದೋಹಾದಲ್ಲಿ ಭಾರತದ ಕಲಾವಿದರೆಂದರೆ ಎಂ. ಎಫ್. ಹುಸೇನ್ ಅವರನ್ನು ಬಿಟ್ಟು ಮಾತಾಡಲಾಗದು. ಮೊಕದ್ದಮೆ, ಬೆದರಿಕೆಗಳ ನಡುವೆ 2006ರಲ್ಲಿ ಅವರು ಭಾರತ ಬಿಟ್ಟರು, 2010ರಲ್ಲಿ ಕತಾರಿನ ಪೌರತ್ವ ಪಡೆದರು. ಶೇಖಾ ಮೋಝಾ ಅವರ ಅಪೇಕ್ಷೆಯಂತೆ ಅರಬ್ ನಾಗರಿಕತೆಯನ್ನು ಕುರಿತು ಚಿತ್ರಮಾಲಿಕೆ ಬರೆಯತೊಡಗಿದರು. ಅದು ಪೂರ್ತಿಯಾಗುವ ಮೊದಲೇ 2011ರ ಜೂನ್ 9ರಂದು ಲಂಡನ್ನಿನಲ್ಲಿ ತೀರಿಕೊಂಡರು. ಗಾಜಿನ ಕುದುರೆಗಳುಳ್ಳ ಅವರ ‘ಸೀರೂ ಫಿಲ್ ಅರ್ಧ್’ ಎಂಬ ಕೃತಿ 2019ರಲ್ಲಿ ಎಜುಕೇಶನ್ ಸಿಟಿಯಲ್ಲಿ ಉದ್ಘಾಟನೆಯಾಯಿತು. 2025ರ ನವೆಂಬರಿನಲ್ಲಿ ಅವರದೇ ಹೆಸರಿನ ಮ್ಯೂಸಿಯಂ ಅಲ್ಲಿ ತೆರೆಯಿತು. ಅವರ ವಿಚಾರದಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯಗಳಿವೆ, ಅವನ್ನು ಇಲ್ಲಿ ಬಗೆಹರಿಸಹೊರಟಿಲ್ಲ. ಆದರೆ ಬಿಡಾರಕ್ಕೂ ವಲಸೆಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ಬಿಡಾರ ಹೂಡಿದವನಿಗೆ ಹಿಂದಿರುಗುವ ದಾರಿ ತೆರೆದಿರಬೇಕು. ಇಲ್ಲಿ ಕಲಿತದ್ದನ್ನು ಊರಿಗೆ ಒಯ್ದರೆ ತಾನೆ ಅದು ವಿನಿಮಯ? ಹುಸೇನರ ಬಣ್ಣಗಳು ದೋಹಾಕ್ಕೆ ಬಂದವು. ದೋಹಾದಲ್ಲಿ ಅವರು ಕಂಡದ್ದನ್ನು ತಾವೇ ಪಂಢರಪುರಕ್ಕೋ ಮುಂಬಯಿಗೋ ಒಯ್ಯಲು ಆಗಲಿಲ್ಲ.

ಶತಮಾನಗಳ ಹಿಂದಿನ ಒಂದು ಬಿಡಾರದ ಕಥೆಯನ್ನೂ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ರಸಾಯನವೂ ಇದೆ. ಬೀದರಿನ ಬಿದರಿ ಕೆಲಸವನ್ನು ನೀವೆಲ್ಲ ನೋಡಿದ್ದೀರಿ. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನ ಕಡೆಯಿಂದ ಬಂದ ಕಸುಬುದಾರರಿಂದ ಅದು ಬೇರೂರಿತೆಂದು ಪ್ರತೀತಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೇಲೆ ಚಿತ್ತಾರ ಕೊರೆದು ಬೆಳ್ಳಿಯ ತಂತಿಯನ್ನು ತಟ್ಟಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ, ಅಂದರೆ ಅಮೋನಿಯಂ ಕ್ಲೋರೈಡಿನ ಜೊತೆ ನೀರಿನಲ್ಲಿ ಕದಡಿ, ಬಿಸಿಮಾಡಿ ಲೇಪಿಸುತ್ತಾರೆ. ಸತುವಿನ ಮಿಶ್ರಲೋಹ ಮಸಿಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕಲ್ಪನೆ ಪರದೇಶದ್ದಿರಬಹುದು, ಆದರೆ ಬಣ್ಣ ಕೊಟ್ಟದ್ದು ಬೀದರಿನ ಮಣ್ಣು. ಬಂದ ಕಸುಬುದಾರರು ಎರಡು ದಿನ ಇದ್ದು ಸಾಮಾನು ಮಾರಿ ಹೋಗಿದ್ದರೆ ಕೋಟೆಯ ಮಣ್ಣಿನ ಗುಣ ಅವರಿಗೆ ಹೇಗೆ ತಿಳಿಯುತ್ತಿತ್ತು?

ಈಗ ನನ್ನ ಸೂಚನೆ. ವರ್ಷಕ್ಕೆ ಮೂರು ನಾಲ್ಕು ತಂಡಗಳನ್ನು ಕರೆಸುವ ಬದಲು, ಒಂದು ವರ್ಷದ ಮಟ್ಟಿಗಾದರೂ ಒಬ್ಬರೇ ಕಲಾವಿದರನ್ನು ನಾಲ್ಕು ವಾರ ಇಟ್ಟುಕೊಳ್ಳೋಣ. ಸಭಾಂಗಣವನ್ನು ದೊಡ್ಡದು ಮಾಡುವುದು ನಮ್ಮ ಕೈಯಲ್ಲಿಲ್ಲ, ಹರಿವನ್ನು ನಿಧಾನ ಮಾಡುವುದು ಕೈಯಲ್ಲಿದೆ. ಮೊದಲ ಸಲಕ್ಕೆ ಚೆಂಡೆ ಮದ್ದಲೆ ಬಲ್ಲ ಹಿಮ್ಮೇಳದ ಕಲಾವಿದರೊಬ್ಬರು ಆಗಬಹುದು. ಕಾಲ ಯಾವುದೆಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ಮೇ ಕೊನೆಯ ಪತ್ತನಾಜೆಗೆ ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮತ್ತೆ ತಿರುಗಾಟ ಹೊರಡುವುದು ದೀಪಾವಳಿಯ ಆಸುಪಾಸಿಗೆ. ನಡುವಿನ ತಿಂಗಳುಗಳಲ್ಲಿ ಕಲಾವಿದರಿಗೆ ಬಿಡುವಿರುತ್ತದೆ, ಸಂಪಾದನೆ ಕಡಿಮೆಯಿರುತ್ತದೆ. ಜುಲೈ, ಆಗಸ್ಟಿನಲ್ಲಿ ನಮ್ಮ ಮನೆಗಳೆಲ್ಲ ಬೀಗ ಹಾಕಿ ಊರಿಗೆ ಹೋಗಿರುತ್ತವೆ. ಸೆಪ್ಟೆಂಬರಿಗೆ ಮಕ್ಕಳು ಶಾಲೆಗೆ ಮರಳಿರುತ್ತಾರೆ. ಇಬ್ಬರಿಗೂ ಹೊಂದುವ ಕಾಲ ಅದೊಂದೇ.

ಅದಕ್ಕೆ ಕೆಲವು ನಿಯಮಗಳನ್ನು ಮೊದಲೇ ಬರೆದಿಡಬೇಕು. ಕಲಾವಿದರಿಗೆ ಒಂದೇ ಕಡೆ ವಸತಿ ಇರಲಿ. ಊಟ ಮನೆಮನೆಗೂ ಸರದಿಯಲ್ಲಿ ನಡೆಯಲಿ, ಆದರೆ ಹಾಸಿಗೆ ಸುತ್ತಿಕೊಂಡು ವಾರಕ್ಕೊಂದು ಮನೆಗೆ ಅಲೆಯುವಂತೆ ಮಾಡಬಾರದು. ಬೆಳಗಿನ ಹೊತ್ತು ಅವರದೇ. ಸಂಜೆ ಎರಡು ಗಂಟೆ ಮಕ್ಕಳೊಡನೆ, ಆಸೆಯಿರುವ ದೊಡ್ಡವರೊಡನೆ. ಪ್ರದರ್ಶನ ಒಂದೇ, ಅದೂ ಕೊನೆಯ ವಾರ. ಸದಸ್ಯರ ಮನೆಯ ಹುಟ್ಟುಹಬ್ಬಕ್ಕೆ, ಗೃಹಪ್ರವೇಶಕ್ಕೆ ‘ಹತ್ತು ನಿಮಿಷ ಬಾರಿಸಿ ಹೋಗಿ’ ಎಂದು ಯಾರೂ ಕರೆಯಕೂಡದು. ಸಂಭಾವನೆ ಎಷ್ಟೆಂದು ಕರೆಯುವಾಗಲೇ ಬರೆದು ತಿಳಿಸಬೇಕು. ವೀಸಾ, ಸಾರ್ವಜನಿಕ ಪ್ರದರ್ಶನದ ಅನುಮತಿ ಇವುಗಳ ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಆರು ತಿಂಗಳ ಮೊದಲೇ ವಿಚಾರಿಸಿ ಎಲ್ಲವೂ ಕ್ರಮವಾಗಿಯೇ ಆಗಬೇಕು.

ಇನ್ನೊಂದು ನಿಯಮ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಬಂದವರು ಕನ್ನಡಿಗರ ನಡುವೆಯೇ ಮೂಲೆ ಹಿಡಿಯಬಾರದು. ಈ ಕೊಲ್ಲಿಯ ಮುತ್ತಿನ ಮುಳುಗುಗಾರರು ಹಾಡುತ್ತಿದ್ದ ‘ಫಿಜಿರಿ’ ಎಂಬ ಹಾಡುಗಳಿವೆ. ಹಡಗಿನಲ್ಲಿ ಹಾಡಿಗೆ ದನಿಯೆತ್ತುವವನಿಗೆ ‘ನಹಾಮ್’ ಎನ್ನುತ್ತಾರೆ. ಚರ್ಮವಾದ್ಯಗಳು, ಕೈಚಪ್ಪಾಳೆ, ಜೊತೆಗೆ ‘ಜಹಲಾ’ ಎಂಬ ಮಣ್ಣಿನ ಮಡಕೆ. ನಮ್ಮ ಘಟದ ದಾಯಾದಿ ಎನ್ನಬಹುದು. ಆ ಹಾಡುಗಾರರ ಎದುರು ನಮ್ಮ ಮದ್ದಲೆಯವರು ಒಂದು ಸಂಜೆ ಕುಳಿತರೆ ಏನಾದೀತು ಎಂದು ಊಹಿಸಿ. ಭಾಷೆ ಬರದಿದ್ದರೂ ತಾಳ ಬರುತ್ತದೆ. ವೇದಿಕೆಯಿಲ್ಲದೆ, ಮೈಕಿಲ್ಲದೆ, ಕಾವಾ ಖರ್ಜೂರದ ನಡುವೆ ಅಂಥ ನಾಲ್ಕು ಸಂಜೆ ಕಳೆದರೆ ಕಲಾವಿದರು ಊರಿಗೆ ಒಯ್ಯಲು ಶಾಲಿಗಿಂತ ಹೆಚ್ಚಿನದೇನಾದರೂ ಸಿಕ್ಕೀತು. ಇಲ್ಲಿನವರಿಗೂ ನಾವು ಎಣ್ಣೆ, ಅನಿಲ, ಲೆಕ್ಕಪತ್ರಗಳ ಆಚೆಗೆ ಏನು ಎಂಬುದು ಸ್ವಲ್ಪ ತಿಳಿದೀತು.

ಆಕ್ಷೇಪಣೆಗಳು ಬರುವುದು ಸಹಜ. ‘ಹೆಸರಾಂತ ನಟರು ಬಂದರೆ ಟಿಕೆಟ್ಟು ಖರ್ಚಾಗುತ್ತದೆ, ಮದ್ದಲೆಯವರಿಗೆ ಯಾರು ಬರುತ್ತಾರೆ?’ ಎನ್ನುವವರಿದ್ದಾರೆ. ಮಾತು ನಿಜ. ಆದರೆ ಹತ್ತು ಜನರ ವಿಮಾನದ ಖರ್ಚು, ಹೋಟೆಲಿನ ಖರ್ಚು, ದೊಡ್ಡ ಸಭಾಂಗಣದ ಬಾಡಿಗೆ ಉಳಿಯುವುದನ್ನೂ ಖಜಾಂಚಿಯವರು ಲೆಕ್ಕ ಹಾಕಲಿ. ‘ನಾಲ್ಕು ವಾರದಲ್ಲಿ ಮಗು ಏನು ಕಲಿತೀತು?’ ಎನ್ನುವವರೂ ಇದ್ದಾರೆ. ಮದ್ದಲೆ ಕಲಿಯುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ಆದರೆ ದೊಡ್ಡ ವಿದ್ವಾಂಸರೂ ದಿನವೂ ಬೆಳಗ್ಗೆ ಕೂತು ಅದೇ ಪಾಠವನ್ನು ಮತ್ತೆ ಬಾರಿಸುತ್ತಾರೆ, ವಾದ್ಯವನ್ನು ಶ್ರುತಿ ಮಾಡುತ್ತಾರೆ, ತಪ್ಪಿದರೆ ನಿಲ್ಲಿಸಿ ಮೊದಲಿನಿಂದ ತೊಡಗುತ್ತಾರೆ ಎಂಬುದನ್ನು ಮಗು ಕಣ್ಣಾರೆ ನೋಡುತ್ತದೆ. ಆ ನಾಲ್ಕು ವಾರ ಅವರೊಡನೆ ಕನ್ನಡದಲ್ಲಿಯೇ ಮಾತಾಡದೆ ವಿಧಿಯಿಲ್ಲ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳಿಗೆ ಕನ್ನಡ ಬೇಕಾಗುವ ಸಂದರ್ಭವನ್ನೇ ನಾವು ಒದಗಿಸಿಲ್ಲ. ಬೈದರೆ ಬರುವ ಭಾಷೆಯಲ್ಲ ಅದು, ಬೇಕಾದರೆ ಬರುತ್ತದೆ.

ಕಡೆಯದಾಗಿ ಒಂದು ಮಾತು. ಕಿಸೆಯಲ್ಲಿ ಕಾರ್ಡು ಇಟ್ಟುಕೊಂಡ ನಮ್ಮದೂ ವಾಸದ ಅವಧಿಯೇ. ಕೆಲವರದು ಮೂರು ವರ್ಷ, ಕೆಲವರದು ಮೂವತ್ತು. ಒಂದು ದಿನ ಎಲ್ಲರೂ ಗಂಟುಮೂಟೆ ಕಟ್ಟುವವರೇ. ಅಷ್ಟು ವರ್ಷ ಇದ್ದೂ ಒಂದು ಅರಬ್ಬೀ ಹಾಡು ತಿಳಿಯದೆ, ಒಬ್ಬ ಕತಾರಿ ಕಲಾವಿದನ ಹೆಸರು ತಿಳಿಯದೆ ಹೊರಟರೆ ನಾವೂ ಮೂಲೆಯಲ್ಲಿ ನಿಂತ ದ್ರವವೇ ಸರಿ. ಕರೆಸಿಕೊಂಡ ಕಲಾವಿದರ ನೆಪದಲ್ಲಿ ನಾವೂ ಸ್ವಲ್ಪ ಕದಲಿದರೆ ಅದು ಖರ್ಚಿನ ಬಾಬ್ತಲ್ಲ.

ಸರ್ವಸದಸ್ಯರ ಸಭೆಗೆ ಮುಂಚೆ ನಿಮ್ಮ ಅಭಿಪ್ರಾಯವನ್ನು ಎರಡು ಸಾಲಿನಲ್ಲಿ ಬರೆದು ಕಾರ್ಯದರ್ಶಿಗಳಿಗೆ ತಲುಪಿಸಿ. ಒಪ್ಪಿಗೆಯಿದ್ದರೆ ಯಾವ ಕಲಾಪ್ರಕಾರ, ನಿಮ್ಮ ಮನೆಯ ಊಟದ ಸರದಿ ಯಾವ ದಿನ ಎಂಬುದನ್ನೂ ಬರೆಯಿರಿ. ಒಪ್ಪಿಗೆಯಿಲ್ಲದಿದ್ದರೆ ಕಾರಣ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಎತ್ತಿಕೊಂಡು ಮಾತಾಡೋಣ.